ಹೊಟ್ಟೆಯಲ್ಲೊಂದು, ಬೆನ್ನ ಮೇಲೊಂದು

ಪುಟ್ಟೇನಹಳ್ಳಿ

ನಾನು ಎರಡನೇ ಸಲ ಬಸುರಿಯಾದ ಸುದ್ದಿ ಹಬ್ಬಿದ ದಿನದಿಂದ ನಮ್ಮ ಬೀದಿಯ ಎಲ್ಲರ ಬಾಯಲ್ಲೂ ಒಂದೇ ಮಾತು: ಎತ್ಕೋಬೇಡ. ನೀರಿನ ಕ್ಯಾನು ಎತ್ತಬೇಡ ಎಂದಿದ್ದರೆ ನನಗೇನೂ ಬೇಸರವಿರಲಿಲ್ಲ, ಕೈಮುಗಿದು ಒಪ್ಪಿಕೊಳ್ಳುತ್ತಿದ್ದೆ. ಅವರೆಲ್ಲ ಹೇಳುತ್ತಿದ್ದುದು ನನ್ನ ಮಗಳು ಸಿರಿಯ ವಿಷಯ. ಸಿರಿಗೆ ಎರಡು ವರ್ಷ ದಾಟಿದೆ. ನಡೆಯಲು ಬರುತ್ತದೆ, ಓಡಲು ಇನ್ನೂ ಚೆನ್ನಾಗಿ ಬರುತ್ತದೆ. ಆದರೆ ಮನೆಯ ಗೇಟು ದಾಟಿದ ಕೂಡಲೇ ಎರಡೂ ಕೈ ಮೇಲೆತ್ತಿ ನಿಂತುಬಿಡುತ್ತಾಳೆ. ಆಮೇಲೆ ದೇವರೇ ಬಂದು ಕರೆದರೂ ಒಂದು ಹೆಜ್ಜೆ ಇಡುವುದಿಲ್ಲ.

ಅವಳು ಕೈ ಎತ್ತಿದಾಗಲೆಲ್ಲ ನಮ್ಮತ್ತೆ ಎಲ್ಲಿದ್ದರೂ ಓಡಿ ಬಂದು ನಡುವೆ ನಿಲ್ಲುತ್ತಿದ್ದರು. “ಅಮ್ಮನ್ ಹೊಟ್ಟೇಲಿ ಪಾಪು ಐತೆ ಕಣವ್ವ. ಅಮ್ಮ ಎತ್ಕೋಬಾರ್ದು. ಬಾ, ಅಜ್ಜಿ ಸೊಂಟಕ್ಕೆ ಬಾ.” ಸಿರಿ ಹೋಗುತ್ತಿರಲಿಲ್ಲ. ಕೆರೆ ಸುತ್ತ ವಾಕಿಂಗ್ ಬರುವ ಆಂಟಿಯರು, ಮೇಲಿನ ಮನೆಯ ಬಾಡಿಗೆಯವರು, ಸೊಪ್ಪಿನ ಗಾಡಿಯ ಅಣ್ಣ, ಎಲ್ಲರೂ ಅತ್ತೆಯ ಪಕ್ಷ. ಜಯನಗರದ ನಮ್ಮ ಡಾಕ್ಟರಮ್ಮ ಒಬ್ಬರೇ ನನ್ನ ಕಡೆ. “ಎಲ್ಲಾ ನಾರ್ಮಲ್ ಇದೆ. ದಿನಾ ಎತ್ತಿ ಅಭ್ಯಾಸ ಇರೋ ಭಾರ ತಾನೆ? ಮೈ ಬೇಡ ಅಂದಾಗ ಇಳಿಸಿ, ಅಷ್ಟೇ” ಎಂದಿದ್ದರು. ಆ ಮಾತನ್ನು ಮನೆಗೆ ಬಂದು ಹೇಳಿದಾಗ ಅತ್ತೆ ಡಾಕ್ಟರಮ್ಮನಿಗೆ ಮಕ್ಕಳೆಷ್ಟು ಎಂದು ಕೇಳಿದರು.

ಸಿರಿ ಇದನ್ನೆಲ್ಲ ತನಗೆ ತೋಚಿದಂತೆ ಅರ್ಥಮಾಡಿಕೊಂಡಳು. ಒಂದು ಬೆಳಗ್ಗೆ ನಾನು ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಹತ್ತಿರ ಬಂದಳು. ಪುಟ್ಟ ಮುಷ್ಟಿ ಕಟ್ಟಿ ನನ್ನ ಹೊಟ್ಟೆಗೆ ಗುದ್ದಿ, “ಪಾಪು ಬೇಡ. ಪಾಪು ಹೋಗು” ಎಂದಳು. ಪೆಟ್ಟು ಏನೂ ಜೋರಾಗಿರಲಿಲ್ಲ. ಆದರೂ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಒಂದು ಮಗು ಇನ್ನೂ ಹುಟ್ಟಿಲ್ಲ, ಅಷ್ಟರಲ್ಲೇ ಇನ್ನೊಂದು ಮಗು ನನ್ನಿಂದ ದೂರವಾಗುತ್ತಿತ್ತು. ಹೆರಿಗೆಗೆ ಇನ್ನು ನಾಲ್ಕು ತಿಂಗಳು ಉಳಿದಿತ್ತು, ಅಷ್ಟರೊಳಗೆ ಇದನ್ನು ಹೇಗೆ ಸರಿಮಾಡಲಿ ಎನ್ನುವುದೊಂದೇ ನನ್ನ ಚಿಂತೆ.

ಆಗ ಬಂದದ್ದು ಲೆಸೊಥೊ. ನನ್ನ ಗಂಡ ಮಂಜು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಮಿಷನ್ ಮೆಕ್ಯಾನಿಕ್. ಹೊಸ ಮಿಷನ್‌ಗಳನ್ನು ಕೂಡಿಸಿಕೊಡಲು ಅವರನ್ನು ಆಫ್ರಿಕಾದ ಈ ಪುಟ್ಟ ದೇಶದ ರಾಜಧಾನಿ ಮಸೇರುವಿಗೆ ಕೆಲವು ತಿಂಗಳ ಮಟ್ಟಿಗೆ ಕಳಿಸಿದ್ದರು. ಅಲ್ಲಿ ಜೀನ್ಸ್ ಹೊಲಿಯುವ ಫ್ಯಾಕ್ಟರಿಗಳು ಬೇಕಾದಷ್ಟಿವೆಯಂತೆ. “ಮನೆ ಕೊಟ್ಟಿದಾರೆ, ಚಳಿ ಸಖತ್ತಾಗಿದೆ, ಬಂದ್ಬಿಡು ಸುಮಾ” ಎಂದರು. ನಾನು ಜೆ.ಪಿ. ನಗರದ ಶಾಲೆಯೊಂದರಲ್ಲಿ ಕನ್ನಡ ಟೀಚರು. ರಜೆ ಹಾಕಿದೆ, ಡಾಕ್ಟರಮ್ಮನ ಒಪ್ಪಿಗೆ ಪಡೆದೆ, ಮಗಳನ್ನು ಕೂರಿಸಿಕೊಂಡು ತಳ್ಳಲು ಹೊಸ ಸ್ಟ್ರೋಲರ್ ಕೊಂಡೆ. ಆ ಸ್ಟ್ರೋಲರ್ ನೋಡಿದ ಮೇಲೆಯೇ ಅತ್ತೆ ಹೊರಡಲು ಬಿಟ್ಟದ್ದು.

ಜೋಹಾನ್ಸ್‌ಬರ್ಗ್, ಸಾಮಾನಿನ ಬೆಲ್ಟು

ಆ ಸ್ಟ್ರೋಲರ್ ಜೋಹಾನ್ಸ್‌ಬರ್ಗ್‌ನಲ್ಲಿ ಇಳಿಯಲೇ ಇಲ್ಲ. ಬೆಲ್ಟಿನ ಮೇಲೆ ನಮ್ಮ ಪೆಟ್ಟಿಗೆ ಬಂತು, ಅತ್ತೆ ಕಟ್ಟಿಕೊಟ್ಟ ರಾಗಿಹಿಟ್ಟಿನ ಗಂಟು ಬಂತು, ಯಾರದೋ ಗಾಲ್ಫ್ ಕೋಲುಗಳು ಬೇಡವೆಂದರೂ ಮತ್ತೆ ಮತ್ತೆ ಬಂದವು. ಕೌಂಟರಿನಲ್ಲಿದ್ದ ಹುಡುಗಿ ಬಹಳ ಮರ್ಯಾದೆಯಿಂದ ವಿಚಾರಿಸಿ, ಅದು ಎಲ್ಲಿದೆಯೋ ಗೊತ್ತಿಲ್ಲ ಎಂದಳು. ಇವತ್ತಿಗೂ ಗೊತ್ತಿಲ್ಲ.

ಹೊರಗೆ ಮಂಜು ಫ್ಯಾಕ್ಟರಿಯ ವ್ಯಾನಿನೊಂದಿಗೆ ಕಾಯುತ್ತಿದ್ದರು. ಅಪ್ಪನನ್ನು ಕಂಡು ಮಗಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಎದುರಿಗೆ ನಿಂತವರನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ, “ಫೋನ್ ಕೊಡು, ಅಪ್ಪ ಬೇಕು” ಎಂದಳು. ಎರಡು ತಿಂಗಳಿಂದ ಅಪ್ಪ ಎಂದರೆ ಫೋನಿನೊಳಗಿರುವ ಒಂದು ಮುಖ ಅವಳಿಗೆ. ಮಂಜು ನಗಲು ನೋಡಿದರು, ಆಗಲಿಲ್ಲ. ಎತ್ತಿಕೊಳ್ಳಲು ಹೋದಾಗ ಕಿರುಚಿದಳು. ಅಲ್ಲಿಗೆ ಲೆಕ್ಕ ಮುಗಿಯಿತು. ಗಾಡಿ ಇಲ್ಲ, ಅಪ್ಪ ಬೇಡ, ಇನ್ನು ಉಳಿದದ್ದು ನಾನು.

ಗಡಿಯ ಸೇತುವೆ

ಲೆಸೊಥೊ ದೇಶದ ನಾಲ್ಕೂ ದಿಕ್ಕಿಗೆ ದಕ್ಷಿಣ ಆಫ್ರಿಕಾ. ದೊಡ್ಡ ಮನೆಯೊಳಗೆ ದೇವರಕೋಣೆ ಇದ್ದಂತೆ, ಅದಕ್ಕೆ ಅದರದೇ ಬಾಗಿಲು, ಅದರದೇ ಕಟ್ಟುಪಾಡು. ಒಣ ಹುಲ್ಲಿನ ಹಳದಿ ಬಯಲುಗಳನ್ನು ದಾಟಿ ಗಡಿಗೆ ಬಂದಾಗ ವ್ಯಾನಿನಿಂದ ಇಳಿದು ಸಾಲಿನಲ್ಲಿ ನಿಲ್ಲಬೇಕಾಯಿತು. ಅದು ಜುಲೈ, ಅಲ್ಲಿ ನಡುಚಳಿಗಾಲ. ಮಂಜು ವ್ಯಾನಿನ ಕಾಗದಗಳಿಗೆಂದು ಬೇರೆ ಕಿಟಕಿಗೆ ಹೋದರು. ನನ್ನ ಒಂದು ಕೈಯಲ್ಲಿ ಪಾಸ್‌ಪೋರ್ಟು, ಇನ್ನೊಂದು ಕೈಯಲ್ಲಿ ಬ್ಯಾಗು, ಎದುರಿಗೆ ಎರಡೂ ಕೈ ಮೇಲೆತ್ತಿ ನಿಂತ ಸಿರಿ.

ನನ್ನ ಮುಂದೆ ನಿಂತಿದ್ದ ಹೆಂಗಸರಲ್ಲಿ ಮೂವರ ಬೆನ್ನ ಮೇಲೆ ಮಕ್ಕಳಿದ್ದವು, ಕಂಬಳಿಯಲ್ಲಿ ಸುತ್ತಿಕೊಂಡು, ಬೆಚ್ಚಗೆ. ಇದೇನು ಮಹಾವಿದ್ಯೆ ಎಂದುಕೊಂಡೆ. ಬನಶಂಕರಿಯಲ್ಲಿ ಕೊಂಡ ಶಿಫಾನ್ ದುಪಟ್ಟಾ ಕೊರಳಲ್ಲಿತ್ತು. ಸಿರಿಯನ್ನು ಕಲ್ಲಿನ ಮೇಲೆ ನಿಲ್ಲಿಸಿ, ಬೆನ್ನಿಗೆ ಆನಿಸಿಕೊಂಡು, ದುಪಟ್ಟಾವನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ನೆಟ್ಟಗೆ ನಿಂತು ಎರಡು ಹೆಜ್ಜೆ ಇಟ್ಟಿರಬೇಕು. ಶಿಫಾನು ಜಾರುವುದಕ್ಕೆಂದೇ ಹುಟ್ಟಿದ ಬಟ್ಟೆ. ಹಿಂದೆ ಯಾರೋ ಚೀರಿದರು. ತಿರುಗುವಷ್ಟರಲ್ಲಿ ನನ್ನ ಹಿಂದಿದ್ದ ಹೆಂಗಸು ತನ್ನ ಚೀಲವನ್ನು ಬಿಸಾಕಿ ಸಿರಿಯ ಕುಂಡೆಗೆ ಎರಡೂ ಕೈ ಕೊಟ್ಟು ಹಿಡಿದಿದ್ದಳು. ಅವಳ ಚೀಲದಿಂದ ಆಲೂಗಡ್ಡೆ ಉರುಳಿ ಗಡಿಯ ತುಂಬ ಹರಡಿತು.

ಸಾಲೇ ಮುರಿದುಹೋಯಿತು. ಎಲ್ಲರೂ ನನ್ನ ಸುತ್ತ. ನಮ್ಮ ಕಡೆ ಇಂಥದ್ದೇನಾದರೂ ಆದರೆ ಮೊದಲು ತಾಯಿಗೆ ಬೈಗುಳ ಬೀಳುತ್ತದೆ. ಬಸುರಿ ಹೆಂಗಸಿಗೆ ಬುದ್ಧಿ ಬೇಡವೇ ಎನ್ನುವ ಪ್ರಶ್ನೆಗೆ ನಾನು ಉತ್ತರ ಹುಡುಕುತ್ತಿದ್ದೆ. ಅವರು ಯಾರೂ ನನ್ನ ಹೊಟ್ಟೆಯ ಮಾತೇ ಎತ್ತಲಿಲ್ಲ. ಅವರ ಸಿಟ್ಟೆಲ್ಲ ದುಪಟ್ಟಾದ ಮೇಲೆ. ಒಬ್ಬಾಕೆ ಅದನ್ನು ಬೆರಳಲ್ಲಿ ಎತ್ತಿ ಹಿಡಿದು ಗಾಳಿಗೆ ತೋರಿಸಿದಳು, ಉಳಿದವರು ತಲೆ ಅಲ್ಲಾಡಿಸಿದರು. ಸಿರಿಯನ್ನು ಹಿಡಿದಿದ್ದ ಹೆಂಗಸು ತಾನು ಹೊದ್ದಿದ್ದ ಕಂಬಳಿಯನ್ನು ಬಿಚ್ಚಿ, ನನ್ನ ಕುತ್ತಿಗೆಯನ್ನು ಮೆಲ್ಲಗೆ ಒತ್ತಿ ಬಗ್ಗಿಸಿ, ಮಗುವನ್ನು ಬೆನ್ನ ಮೇಲೆ ಮಲಗಿಸಿ ಕಟ್ಟಿಬಿಟ್ಟಳು. ಎದೆಯ ಮೇಲೆ ಒಂದು ದೊಡ್ಡ ಪಿನ್ನು, ಎದೆಗೂ ಹೊಟ್ಟೆಗೂ ನಡುವೆ ಇನ್ನೊಂದು. ಅಷ್ಟು ದೊಡ್ಡ ಸೇಫ್ಟಿ ಪಿನ್ನನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ.

ಪಾಸ್‌ಪೋರ್ಟಿಗೆ ಠಸ್ಸೆ ಬಿತ್ತು. ಸೇತುವೆಯ ಮೇಲೆ ನಡೆದೆವು. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಿದ್ದೆ, ನನ್ನ ಎರಡೂ ಕೈ ಖಾಲಿ ಇದ್ದವು. ಸಿರಿಯ ಕೆನ್ನೆ ನನ್ನ ಭುಜದ ಮೂಳೆಗೆ ಒತ್ತಿಕೊಂಡಿತ್ತು, ಮುಂದೆ ಒಳಗಿನ ಮಗು ಒಮ್ಮೆ ಮಗ್ಗಲು ಬದಲಿಸಿತು. ನಡುವೆ ನಾನು. ಇಬ್ಬರ ಭಾರವೂ ಒಂದಕ್ಕೊಂದು ಸರಿತೂಗಿ, ಬೆನ್ನು ತಿಂಗಳುಗಳ ನಂತರ ನೆಟ್ಟಗಾದಂತೆ ಅನಿಸಿತು. ಆ ಹೆಂಗಸು ಒಂದು ಸ್ವೆಟರಿನಲ್ಲಿ ನಡುಗುತ್ತ, ಆಲೂಗಡ್ಡೆ ಚೀಲ ಹೊತ್ತು ಪಕ್ಕದಲ್ಲೇ ಬಂದಳು. ಸೇತುವೆಯ ಆ ತುದಿಯಲ್ಲಿ ಮಂಜು ಸಿಕ್ಕಿದ ಮೇಲೆ, ನಿದ್ದೆ ಹೋಗಿದ್ದ ಸಿರಿಯನ್ನು ಅವರ ತೋಳಿಗೆ ಇಳಿಸಿ, ಕಂಬಳಿ ತಿರುಗಿ ಹೊದ್ದು ಹೊರಟುಹೋದಳು. ಹೆಸರು ಕೇಳುವುದಕ್ಕೂ ನಮಗೆ ಹೊಳೆಯಲಿಲ್ಲ.

ಮಸೇರು, ಮನೆ

ಫ್ಯಾಕ್ಟರಿಯವರು ಕೊಟ್ಟ ಮನೆಯ ಒಡತಿ ಕಾಂಪೌಂಡಿನ ಇನ್ನೊಂದು ಮನೆಯಲ್ಲಿದ್ದರು. ಬ್ಯಾಂಕಿನಲ್ಲಿ ಆಫೀಸರು. ಮೊದಲ ಬೆಳಗ್ಗೆ ನಾನು ಕಿಟಕಿಯಿಂದ ಕಂಡದ್ದು ಇಷ್ಟು: ಕೋಟು, ಮುತ್ತಿನ ಓಲೆ, ಎತ್ತರದ ಹಿಮ್ಮಡಿಯ ಚಪ್ಪಲಿ, ಮುಂದೆ ನನಗಿಂತ ದೊಡ್ಡ ಹೊಟ್ಟೆ, ಬೆನ್ನ ಮೇಲೆ ಸಿರಿಯ ವಯಸ್ಸಿನ ಹುಡುಗಿ. ಆ ಹುಡುಗಿಯನ್ನು ಪಕ್ಕದ ಬೀದಿಯ ಅಜ್ಜಿಯೊಬ್ಬರ ಬೆನ್ನಿಗೆ ವರ್ಗಾಯಿಸಿ ಆಫೀಸಿಗೆ ಹೋಗುತ್ತಾರಂತೆ. ನಾನು ಹಲ್ಲುಜ್ಜುವುದನ್ನೂ ಮರೆತು ನೋಡಿದೆ.

ಅವರ ಹೆಸರು ಮಾತಾಬೋ. ಸಂಜೆ ಟೀ ಕುಡಿಯುತ್ತ ಇಂಗ್ಲಿಷಿನಲ್ಲಿ ಆ ಹೆಸರಿನ ಕಥೆ ಹೇಳಿದರು. ಅಲ್ಲಿ ಹೆಣ್ಣು ಮದುವೆಯಾಗಿ ಬಂದಾಗ ಗಂಡನ ಮನೆಯವರು ಹೊಸ ಹೆಸರಿಡುತ್ತಾರೆ. ‘ಮಾ’ ಎಂದರೆ ತಾಯಿ. ಮುಂದೆ ಹುಟ್ಟುವ ಮೊದಲ ಮಗುವಿನ ಹೆಸರನ್ನು ಅದಕ್ಕೆ ಆಗಲೇ ಸೇರಿಸಿಬಿಡುತ್ತಾರೆ. ಇವರ ದೊಡ್ಡ ಮಗ ತಾಬೋ, ಸ್ಕೂಲಿಗೆ ಹೋಗುತ್ತಾನೆ. ಬೆನ್ನ ಮೇಲಿರುವವಳು ಲೆರಾಟೋ.

“ಹಾಗಾದ್ರೆ ನಾನು ಮಾಸಿರಿ” ಎಂದೆ.

“ಮತ್ತಿನ್ನೇನು? ಇಲ್ಲಿ ಇರೋವರೆಗೂ ಹಾಗೇ ಕರೀತೀವಿ.”

“ಎರಡನೇದು ಹುಟ್ಟಿದ್ಮೇಲೆ?”

“ಹತ್ತು ಹುಟ್ಟಲಿ. ಮಾಸಿರಿ ಮಾಸಿರೀನೇ. ಮೊದಲ್ನೇದರ ಹೆಸರು ತಾಯಿ ಮೈಮೇಲಿಂದ ಇಳಿಯೋಲ್ಲ.”

ನಮ್ಮಲ್ಲೂ ಸಿರಿ ಅಮ್ಮ ಎನ್ನುತ್ತಾರೆ, ಅಂಗನವಾಡಿಯ ಗೇಟಿನಲ್ಲಿ, ಲಸಿಕೆ ಹಾಕಿಸುವ ಸಾಲಿನಲ್ಲಿ. ಆದರೆ ಅದು ನನ್ನ ಹೆಸರು ಮರೆತವರು ಆಡುವ ಮಾತು. ಇಲ್ಲಿ ಅದು ಬಿರುದು. ಮಾತಾಬೋ ಇದನ್ನು ಸುಮ್ಮನೆ ಟೀ ಕುಡಿಯುತ್ತ ಹೇಳಿದರು, ನಾನು ಮಾತ್ರ ಆ ಹೆಸರನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ.

ಮಾರನೆಯ ದಿನ ಅವರು ನನಗೊಂದು ಹಳೆಯ ಟವೆಲನ್ನೂ ಒಂದು ಕಂಬಳಿಯನ್ನೂ ತಂದುಕೊಟ್ಟು ಕಲಿಸಿದರು. ಬೆನ್ನಿಗೆ ಮಗುವನ್ನು ಎತ್ತಿ ಹಾಕಿಕೊಳ್ಳುವುದು ಎನ್ನುವುದೇ ತಪ್ಪಂತೆ. ಎತ್ತುವುದೇ ಇಲ್ಲ. ನೀನು ಸೊಂಟದಿಂದ ಬಗ್ಗಿ ನಿಲ್ಲಬೇಕು, ಮಗು ತಾನಾಗಿ ಹತ್ತಿ ಹಲ್ಲಿಯ ಹಾಗೆ ಮಟ್ಟಸವಾಗಿ ಅಂಟಿಕೊಳ್ಳಬೇಕು. ಆಮೇಲೆ ಟವೆಲು ಅದರ ತೊಡೆಗಳ ಕೆಳಗಿಂದ ಬಂದು ಎದೆಯ ಮೇಲೆ ಬಿಗಿಯಾಗುತ್ತದೆ, ಕಂಬಳಿ ಅದರ ಮೇಲೆ. ಹೊಟ್ಟೆಯ ಮೇಲೆ ಒಂದು ಎಳೆಯೂ ಹಾದುಹೋಗುವುದಿಲ್ಲ. “ಒಳಗಿರೋರಿಗೆ ಜಾಗ ಬಿಡಬೇಕಲ್ಲ” ಎಂದು ಮಾತಾಬೋ ತಮ್ಮ ಹೊಟ್ಟೆ ಸವರಿಕೊಂಡರು. ಲೆರಾಟೋ ಹತ್ತುವುದನ್ನು ನೋಡಿ ಸಿರಿ ಒಂದೇ ದಿನದಲ್ಲಿ ಕಲಿತಳು. ಆಮೇಲೆ ನನ್ನನ್ನು ಕಂಡಲ್ಲೆಲ್ಲ ಕೈ ಮೇಲೆತ್ತುವುದು ಬಿಟ್ಟು “ಅಮ್ಮ, ಬಗ್ಗು” ಎನ್ನಲು ಶುರುಮಾಡಿದಳು. ಚಪ್ಪಲಿ ಹಾಕಿಕೊಳ್ಳಲು ನಾನು ಬಗ್ಗಿದರೂ ಸಾಕು, ಬೆನ್ನ ಮೇಲಿರುತ್ತಿದ್ದಳು.

ಊಟದ ವಿಷಯ ಒಂದು ಮಾತು ಹೇಳದಿದ್ದರೆ ಅತ್ತೆ ಮೆಚ್ಚುವುದಿಲ್ಲ. ಅವರು ಮುಸುಕಿನ ಜೋಳದ ಹಿಟ್ಟನ್ನು ಕುದಿಸಿ ಕೋಲಿನಲ್ಲಿ ತಿರುವಿ ಗಟ್ಟಿ ಮಾಡುತ್ತಾರೆ. ಹೆಸರು ಪಾಪಾ. ಪಕ್ಕಕ್ಕೆ ಸಣ್ಣಗೆ ಹೆಚ್ಚಿ ಬೇಯಿಸಿದ ಸೊಪ್ಪು. ಬಿಳಿಯ ಮುದ್ದೆ, ಬಸ್ಸಾರಿಗೆ ಹಾಕುವಂಥ ಸೊಪ್ಪು, ಕೈಯಲ್ಲೇ ಊಟ. ನಾನು ಅಭ್ಯಾಸಬಲದಿಂದ ಅಗಿಯದೆ ನುಂಗಿದೆ. ಮಾತಾಬೋ ಗಾಬರಿಯಾಗಿ ನೀರು ಕೊಟ್ಟರು. ಮಾರನೆಯ ದಿನ ನಾನು ಅವರಿಗೆ ರಾಗಿಮುದ್ದೆ ಮಾಡಿ ಬಡಿಸಿದೆ, ಅವರು ಅದನ್ನು ಬಹಳ ಹೊತ್ತು ಅಗಿದರು. ಹೀಗೆ ಎರಡು ದೇಶಗಳ ಲೆಕ್ಕ ಸಮವಾಯಿತು.

ಫ್ಯಾಕ್ಟರಿ ಗೇಟು

ಒಂದು ಮಧ್ಯಾಹ್ನ ಮಂಜುವನ್ನು ಕರೆತರಲು ಸಿರಿಯನ್ನು ಕಟ್ಟಿಕೊಂಡು ಫ್ಯಾಕ್ಟರಿಗೆ ನಡೆದುಹೋದೆ. ದಾರಿಯುದ್ದಕ್ಕೂ ಟ್ಯಾಕ್ಸಿಗಳು ಬರ್ತೀಯಾ ಬರ್ತೀಯಾ ಎಂದು ಹಾರ್ನ್ ಹೊಡೆಯುತ್ತವೆ. ನಮ್ಮಲ್ಲಿ ಆಟೋದವರನ್ನು ನಾವು ಬೇಡಬೇಕು, ಅಲ್ಲಿ ಗಾಡಿಯವರು ನಮ್ಮನ್ನು ಬೇಡುತ್ತಾರೆ. ಎದುರಾದ ಪ್ರತಿಯೊಬ್ಬರೂ “ಲುಮೇಲಾ, ಮ್ಮೆ” ಎಂದರು, ನಮಸ್ಕಾರ ಅಮ್ಮ ಎಂದು. ಬಿ.ಟಿ.ಎಂ. ಲೇಔಟಿನ ಫುಟ್‌ಪಾತಿನಲ್ಲಿ ನಾನು ಹೀಗೆ ಎಲ್ಲರಿಗೂ ನಮಸ್ಕಾರ ಹೇಳುತ್ತ ಹೋದರೆ ಚುನಾವಣೆಗೆ ನಿಂತಿದ್ದೇನೆ ಎಂದುಕೊಳ್ಳುತ್ತಾರೆ. ಇಬ್ಬರು ಹೆಂಗಸರು ನನ್ನನ್ನು ನಿಲ್ಲಿಸಿ, ಕೇಳದೆಯೇ, ಸಿರಿಯ ಒಂದು ಕಾಲು ಕಂಬಳಿಯಿಂದ ಹೊರಗಿದ್ದುದನ್ನು ಒಳಗೆ ಸೇರಿಸಿ ಹೋದರು.

ಗೇಟಿನ ಹೊರಗೆ ಅಜ್ಜಿಯರು, ನೆರೆಯವರು ಸಾಲಾಗಿ ಕಾಯುತ್ತಿದ್ದರು, ಒಬ್ಬೊಬ್ಬರ ಬೆನ್ನಲ್ಲೂ ಒಂದೊಂದು ಮಗು. ಶಿಫ್ಟು ಬಿಟ್ಟಿತು. ಹೆಂಗಸರು ಹೊಳೆಯಂತೆ ಹರಿದು ಬಂದರು. ತಾಯಿ ಬಂದು ಅಜ್ಜಿಯ ಪಕ್ಕ ಬಗ್ಗುತ್ತಾಳೆ, ಅಜ್ಜಿಯೂ ಬಗ್ಗುತ್ತಾಳೆ, ಮಗು ಆ ಬೆನ್ನಿನಿಂದ ಈ ಬೆನ್ನಿಗೆ ದಾಟುತ್ತದೆ. ನೆಲ ಮುಟ್ಟುವುದಿಲ್ಲ, ಅಳುವುದಿಲ್ಲ, ಕೆಲವಕ್ಕೆ ಎಚ್ಚರವೂ ಆಗುವುದಿಲ್ಲ. ಬೊಮ್ಮನಹಳ್ಳಿಯ ಗೇಟುಗಳಲ್ಲಿ ಇದೇ ಹೊತ್ತಿಗೆ ಇದೇ ಕೆಲಸ ಮುಗಿಸಿ ಬಸ್ಸಿಗೆ ಓಡುವ ನಮ್ಮ ಹೆಣ್ಣುಮಕ್ಕಳ ಮುಖಗಳು ನೆನಪಾದವು. ಅವರು ಮನೆ ತಲುಪುವ ಹೊತ್ತಿಗೆ ಮಕ್ಕಳು ಮಲಗಿರುತ್ತವೆ.

ಮನೆಗೆ ಬಂದು ಅತ್ತೆಗೆ ವಿಡಿಯೋ ಕಾಲ್ ಮಾಡಿದೆ. ಉತ್ಸಾಹದಲ್ಲಿ ಸಿರಿಯನ್ನು ಇಳಿಸುವುದು ಮರೆತೇಹೋಗಿತ್ತು.

“ಅದ್ಯಾಕೆ ಮಗು ತಲೆ ನಿನ್ ಹೆಗಲ ಹಿಂದೆ ಐತೆ?” ಎಂದರು ಅತ್ತೆ. ಆಮೇಲೆ ಅರ್ಥವಾಯಿತು. “ಇಳ್ಸು! ಮೊದ್ಲು ಇಳ್ಸು ಅದನ್ನ! ಮಂಜ ಎಲ್ಲಿ? ಕರಿ ಅವನ್ನ!”

“ಅತ್ತೆ, ಇಲ್ಲಿ ಎಲ್ಲರೂ ಹೀಗೇ...”

“ಎಲ್ರೂ ಮಾಡ್ಲಿ. ನೀನು ಮಾಡ್ಬ್ಯಾಡ.”

ನಾನೂ ಸ್ವಲ್ಪ ದನಿ ಏರಿಸಿದೆ. ಡಾಕ್ಟರು ಹೇಳಿದ್ದಾರೆ ಎಂದೆ. ಪರದೆಯಲ್ಲಿ ಅತ್ತೆಯ ಮುಖ ಬೇರೆಯಾಯಿತು.

“ಮಂಜ ಆದ್ಮೇಲೆ ಒಂದಿತ್ತು ಸುಮಾ” ಎಂದರು. “ಐದು ತಿಂಗ್ಳು. ಮಂಜನ್ನ ಸೊಂಟಕ್ಕೆ ಹಾಕ್ಕೊಂಡು ದಿನಾ ಹೊಲಕ್ಕೆ ಬುತ್ತಿ ತಗೊಂಡು ಹೋಗ್ತಿದ್ದೆ. ಈಗ ಅಪಾರ್ಟ್‌ಮೆಂಟು ಎದ್ದೈತಲ್ಲ, ಅಲ್ಲೇ ನಮ್ಮ ಹೊಲ. ಒಂದಿನ ಬದುವಿನ ಮೇಲೇ ನೋವು ಬಂತು, ಹೋಯ್ತು. ಎತ್ಕೊಂಡಿದ್ದಕ್ಕೇ ಹೋಯ್ತು ಅಂದ್ರು. ನಮ್ಮತ್ತೆ ಅಂದ್ರು, ಊರೋರು ಅಂದ್ರು, ನಿಮ್ಮಾವನೂ ಅಂದ್ರು. ಆಮೇಲೆ ಇನ್ನೊಂದು ಆಗ್ಲೇ ಇಲ್ಲ.”

ಫೋನು ಇಟ್ಟರು. ಪಕ್ಕದಲ್ಲಿ ನಿಂತಿದ್ದ ಮಂಜು ಗೋಡೆ ನೋಡುತ್ತಿದ್ದರು. ಅವರಿಗೂ ಈ ವಿಷಯ ಗೊತ್ತಿರಲಿಲ್ಲ. ನಾನು ಸಿರಿಯನ್ನು ಇಳಿಸಿ, ಕಂಬಳಿ ಮಡಚಿ ಕುರ್ಚಿಯ ಮೇಲಿಟ್ಟೆ.

ಮೂರು ದಿನ ಅದನ್ನು ಮುಟ್ಟಲಿಲ್ಲ. ಮನಸ್ಸಿಗೆ ಡಾಕ್ಟರಮ್ಮನ ಮಾತು ಗೊತ್ತು, ಆದರೆ ಬೆನ್ನು ಬಗ್ಗುತ್ತಿರಲಿಲ್ಲ. ಸಿರಿ ಕಂಬಳಿಯನ್ನು ನೆಲದ ಮೇಲೆ ಎಳೆದುಕೊಂಡು ನನ್ನ ಹಿಂದೆ ಹಿಂದೆ ಬಂದಳು. “ಅಮ್ಮ, ಬಗ್ಗು. ಬಗ್ಗು ಅಮ್ಮ.” ನಾನು ಆಮೇಲೆ ಎನ್ನುತ್ತಿದ್ದೆ. ಮೂರನೇ ದಿನ ಅವಳು ಕಂಬಳಿ ಬಿಟ್ಟು, ಮುಷ್ಟಿ ಕಟ್ಟಿ, ಹೊಟ್ಟೆಗೆ ಗುದ್ದಿದಳು.

ಬೆಟ್ಟದ ಹಳ್ಳಿ

ಆ ಭಾನುವಾರ ಮಾತಾಬೋ ತಮ್ಮ ತಾಯಿಯನ್ನು ನೋಡಲು ಬೆಟ್ಟದ ಹಳ್ಳಿಗೆ ಹೊರಟರು, ನಮ್ಮನ್ನೂ ಕರೆದರು. ಮಂಜುಗೆ ಫ್ಯಾಕ್ಟರಿಯಲ್ಲಿ ಕೆಲಸವಿತ್ತು, ಸಿರಿಯೂ ನಾನೂ ಹೋದೆವು. ಟಾರು ರಸ್ತೆ ಮುಗಿದಲ್ಲಿ ಇಳಿದು ಕಾಲುದಾರಿ ಹಿಡಿಯಬೇಕು. ಬೆಟ್ಟಗಳೆಲ್ಲ ಮಾಸಲು ಕಂದು, ನೆರಳಿರುವ ಕಡೆ ಇಬ್ಬನಿ ಗಟ್ಟಿಯಾಗಿ ಬಿಳಿ. ಕಂಬಳಿ ಹೊದ್ದ ಗಂಡಸರು ಕುದುರೆಯ ಮೇಲೆ ಹಾದುಹೋಗುತ್ತ ಟೋಪಿ ಮುಟ್ಟಿ ನಮಸ್ಕರಿಸಿದರು. ಇಷ್ಟು ಗಂಭೀರವಾಗಿ ನನಗೆ ಯಾರೂ, ನನ್ನ ಮದುವೆಯಲ್ಲಿ ಕೂಡ, ನಮಸ್ಕರಿಸಿರಲಿಲ್ಲ.

ಮಾತಾಬೋ ಲೆರಾಟೋಳನ್ನು ಕಟ್ಟಿಕೊಂಡು ಮುಂದೆ ನಡೆದರು. ಸಿರಿ ಸ್ವಲ್ಪ ದೂರ ನಡೆದು ಕೂತುಬಿಟ್ಟಳು. ಬಗ್ಗು ಎಂದು ಕೂಡ ಕೇಳಲಿಲ್ಲ. ಕೇಳುವುದನ್ನೇ ಬಿಟ್ಟಿದ್ದಳು, ಅದು ನನಗೆ ಗುದ್ದಿಗಿಂತ ಹೆಚ್ಚು ನೋವು ಕೊಟ್ಟಿತು. ಮಾತಾಬೋ ತಿರುಗಿ ನೋಡಿ, ಕಂಬಳಿ ಯಾಕೆ ಚೀಲದಲ್ಲಿದೆ ಎಂದು ಕೇಳಿದರು. ದಾರಿಯ ಕಲ್ಲಿನ ಮೇಲೆ ಕೂತು ಅತ್ತೆಯ ಕಥೆಯನ್ನೆಲ್ಲ ಹೇಳಿದೆ.

ಅವರು ಬಂದು ನನ್ನ ಪಕ್ಕ ಕೂತರು. ಆಮೇಲೆ, “ನನಗೂ ಒಂದು ಹೋಗಿದೆ” ಎಂದರು. “ತಾಬೋ ಆದ್ಮೇಲೆ, ಲೆರಾಟೋಗೆ ಮುಂಚೆ. ಅವಾಗ ನನ್ನ ಬೆನ್ನ ಮೇಲೆ ಯಾರೂ ಇರ್ಲಿಲ್ಲ. ಬ್ಯಾಂಕಲ್ಲಿ ಕುರ್ಚಿ ಮೇಲೆ ಕೂತಿದ್ದೆ. ಹೋಗೋದು ಹಾಗೂ ಹೋಗುತ್ತೆ, ಮಾಸಿರಿ.”

“ನಿಮಗೆ ಯಾರೂ ಏನೂ ಅನ್ನಲಿಲ್ವಾ?”

“ನಮ್ಮಮ್ಮ ಬಂದು ನನ್ನ ಪಕ್ಕ ಮಲಗಿದ್ರು. ನೀನು ಮಾಡಿದ್ದಲ್ಲ, ನೀನು ಮಾಡಿದ್ದಲ್ಲ ಅಂತ ದಿನಾ ಹೇಳ್ತಿದ್ರು, ನನಗೆ ನಂಬಿಕೆ ಬರೋವರೆಗೂ.” ಎದ್ದು ನಿಂತು ಕೋಟಿನ ಧೂಳು ಕೊಡವಿಕೊಂಡರು. “ನಿಮ್ಮತ್ತೆಗೆ ಈ ಮಾತು ಯಾರಾದ್ರೂ ಹೇಳಿದಾರಾ?”

ನಾನು ಚೀಲದಿಂದ ಕಂಬಳಿ ತೆಗೆದು ಬಗ್ಗಿ ನಿಂತೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎರಡು ಪುಟ್ಟ ಕೈ ನನ್ನ ಸೊಂಟ ಹಿಡಿದವು, ಮೊಣಕಾಲು ಒತ್ತಿತು, ಕೆನ್ನೆ ಬೆನ್ನಿಗೆ ತಗುಲಿತು. ಮಾತಾಬೋ ಟವೆಲು ಬಿಗಿದು ಪಿನ್ನು ಹಾಕಿದರು.

ಮಟ್ಟಸವಾದ ದಾರಿಯಲ್ಲಿ ಸುಖವಾಗಿ ನಡೆದೆ. ಏರು ಬಂದಾಗ ಉಸಿರು ಸಿಕ್ಕಿಕೊಂಡಿತು, ಮೈ ಬೇಡ ಎಂದಿತು. ನಿಂತೆ. ಹಿಂದಿನಿಂದ ಸೌದೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಹೊರೆ ಇಳಿಸಿ ತನ್ನ ಜೊತೆಯವಳಿಗೆ ಕೊಟ್ಟು, ನನ್ನ ಪಕ್ಕ ಬಂದು ಬಗ್ಗಿದಳು. ಮಾತಿಲ್ಲ, ಉಪಚಾರವಿಲ್ಲ. ಸಿರಿ ನನ್ನ ಬೆನ್ನಿನಿಂದ ಅವಳ ಬೆನ್ನಿಗೆ ದಾಟಿದಳು. ಅಪ್ಪನ ತೋಳಿಗೇ ಹೋಗದಿದ್ದ ಹುಡುಗಿ! ಏರು ಮುಗಿದ ಮೇಲೆ ಅವಳು ಮತ್ತೆ ಬಗ್ಗಿದಳು, ನಾನೂ ಬಗ್ಗಿದೆ, ಮಗು ತಿರುಗಿ ಬಂತು. ಅಲ್ಲಿ ಮಗುವನ್ನು ಹೊರುವುದು ಒಬ್ಬಳ ಪಾಲಿನ ಕೆಲಸವಲ್ಲ. ಹತ್ತಿರ ಯಾವ ಬೆನ್ನಿದೆಯೋ ಅದರ ಕೆಲಸ. ನಮ್ಮ ಬೀದಿಯಲ್ಲಿ ಎತ್ಕೋಬೇಡ ಎಂದ ಅಷ್ಟು ಜನರಲ್ಲಿ, ಅತ್ತೆಯೊಬ್ಬರನ್ನು ಬಿಟ್ಟರೆ, ಕೊಡು ನಾನು ಎತ್ಕೋತೀನಿ ಎಂದವರು ಯಾರೂ ಇರಲಿಲ್ಲ. ಹಾಗೆ ಕೇಳಿದ ಅತ್ತೆಗೂ ಅವರ ಕಾಲದಲ್ಲಿ ಯಾರೂ ಸೊಂಟ ಕೊಟ್ಟಿರಲಾರರು.

ಅಜ್ಜಿಯ ಮನೆಯಂಗಳದಲ್ಲಿ ಲೆರಾಟೋ ಒಂದು ಮುಸುಕಿನ ಜೋಳದ ತೆನೆಯನ್ನು ಚಿಂದಿ ಬಟ್ಟೆಯಲ್ಲಿ ತನ್ನ ಬೆನ್ನಿಗೆ ಕಟ್ಟಿಸಿಕೊಂಡು ಓಡಾಡುತ್ತಿದ್ದಳು. ಅದು ಅವಳ ಪಾಪು. ಸಿರಿ ನೋಡಿದಳು. ತನಗೂ ಬೇಕೆಂದಳು. ಅಜ್ಜಿ ಇನ್ನೊಂದು ತೆನೆ ಹುಡುಕಿ ಕಟ್ಟಿಕೊಟ್ಟರು. ಇಬ್ಬರೂ ಮಧ್ಯಾಹ್ನವೆಲ್ಲ ಬಗ್ಗಿ ಬಗ್ಗಿ ತಂತಮ್ಮ ತೆನೆಗಳನ್ನು ತಟ್ಟಿ ಮಲಗಿಸಿದರು. ಹೊರಡುವ ಹೊತ್ತಿಗೆ ಸಿರಿ ನನ್ನ ಮುಂದೆ ಬಂದು ನಿಂತು ಹೊಟ್ಟೆಯನ್ನು ನೋಡಿದಳು. ಮುಷ್ಟಿ ಬರುತ್ತದೆ ಎಂದು ನಾನು ಉಸಿರು ಬಿಗಿಹಿಡಿದೆ. ಅವಳು ಅಂಗೈಯಿಂದ ಹೊಟ್ಟೆಯನ್ನು ಎರಡು ಸಲ ತಟ್ಟಿ, “ಪಾಪು ಬಾ. ನಂಗೆ ಕಟ್ಟು” ಎಂದಳು. ನಾನು ಅಲ್ಲಿಯೇ, ಪರದೇಶದ ಅಂಗಳದಲ್ಲಿ, ಎಲ್ಲರ ಎದುರಿಗೆ ಗಳಗಳ ಅತ್ತುಬಿಟ್ಟೆ. ಯಾರೂ ಯಾಕೆಂದು ಕೇಳಲಿಲ್ಲ, ಅಜ್ಜಿ ಇನ್ನೊಂದು ಲೋಟ ಟೀ ತಂದರು.

ಮತ್ತೆ ಪುಟ್ಟೇನಹಳ್ಳಿ

ವಾಪಸು ಬಂದಾಗ ನನಗೆ ಏಳನೇ ತಿಂಗಳು ನಡೆಯುತ್ತಿತ್ತು. ಮಂಜುಗೆ ಇನ್ನೂ ಕೆಲಸ ಉಳಿದಿತ್ತು, ಹೆರಿಗೆ ಹೊತ್ತಿಗೆ ಬರುತ್ತೇನೆಂದರು. ಬೀಳ್ಕೊಡುವಾಗ, ಅಷ್ಟರಲ್ಲಿ ಅಪ್ಪನಿಗೆ ಒಗ್ಗಿಹೋಗಿದ್ದ ಸಿರಿ ಅವರ ಬೆನ್ನಿನಿಂದ ಇಳಿಯಲು ಒಪ್ಪದೆ ರಂಪ ಮಾಡಿದಳು. ದೊಡ್ಡ ಪಿನ್ನನ್ನು ಏರ್‌ಪೋರ್ಟಿನವರು ಕಿತ್ತುಕೊಂಡರು, ಕಂಬಳಿ ಮಾತ್ರ ಬಂತು.

ಅತ್ತೆ ನನ್ನೊಂದಿಗೆ ಮೊದಲ ದಿನ ಹೆಚ್ಚು ಮಾತಾಡಲಿಲ್ಲ. ಊಟ ಬಡಿಸಿದರು, ಕಂಬಳಿಯನ್ನು ಬಿಸಿಲಿಗೆ ಹಾಕಿದರು. ಅಲ್ಲಿ ನನ್ನನ್ನು ಏನೆಂದು ಕರೆಯುತ್ತಿದ್ದರೆಂದು ಹೇಳಿದಾಗ, “ಮಾಸಿರಿಯಂತೆ, ಚೆನ್ನಾಗೈತೆ, ಅಪ್ಪ ಅಮ್ಮ ಇಟ್ಟ ಹೆಸರು ಸಾಲ್ದು” ಎಂದು ಮೂತಿ ತಿರುವಿದರು. ಮಾರನೆಯ ಸಂಜೆ, ಚೆಕಪ್ ಮುಗಿಸಿ ಬಂದು, ಅವರು ಹೂ ಕಟ್ಟುತ್ತಿದ್ದಾಗ ಪಕ್ಕದಲ್ಲಿ ಕೂತೆ. ಬೆಟ್ಟದ ದಾರಿಯಿಂದ ಇಲ್ಲಿಯವರೆಗೂ ಹೊತ್ತು ತಂದ ಮಾತು ಅದೊಂದೇ.

“ಅತ್ತೆ, ಅದು ನೀವು ಎತ್ಕೊಂಡಿದ್ದಕ್ಕೆ ಹೋಗಿದ್ದಲ್ಲ.”

ಅವರ ಕೈ ನಿಂತಿತು.

“ಡಾಕ್ಟರಮ್ಮನ ಹತ್ರ ಇವತ್ತು ಮತ್ತೆ ಕೇಳ್ಕೊಂಡು ಬಂದೆ. ಸುಮ್ನೆ ಮಲಗಿದ್ರೂ ಹೋಗ್ತಿತ್ತು ಅಂದ್ರು. ನೀವು ಮಾಡಿದ್ದಲ್ಲ.”

“ಊರೋರೆಲ್ಲ...”

“ಊರೋರಿಗೆ ಏನು ಗೊತ್ತು? ನೀವು ಮಾಡಿದ್ದಲ್ಲ ಅತ್ತೆ.”

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಅರ್ಧ ಕಟ್ಟಿದ್ದ ಮಾರನ್ನು ಹಾಗೇ ಬುಟ್ಟಿಯಲ್ಲಿ ಬಿಟ್ಟು ಒಳಗೆ ಹೋದರು. ಹೇಳಬಾರದಿತ್ತೇನೋ ಎಂದು ರಾತ್ರಿಯೆಲ್ಲ ಹೊರಳಾಡಿದೆ.

ಬೆಳಗ್ಗೆ ನಾನು ಎದ್ದು ಬಂದಾಗ ಗೇಟಿನ ಮುಂದೆ ನೀರು ಚಿಮುಕಿಸಿ ಅತ್ತೆ ಬಗ್ಗಿ ರಂಗೋಲಿ ಹಾಕುತ್ತಿದ್ದರು. ಸಿರಿ ನನಗಿಂತ ಮುಂಚೆ ಎದ್ದು ಮೆಟ್ಟಿಲ ಮೇಲೆ ನಿಂತು ಆ ಬೆನ್ನನ್ನು ನೋಡುತ್ತಿದ್ದಳು. ಬಗ್ಗಿದ ಬೆನ್ನು ಎಂದರೆ ಅವಳಿಗೆ ಈಗ ಒಂದೇ ಅರ್ಥ. ನಾನು ತಡೆಯುವಷ್ಟರಲ್ಲಿ ಓಡಿಹೋಗಿ, ಸೀರೆ ಹಿಡಿದು ಹತ್ತಿ, ಅಜ್ಜಿಯ ಬೆನ್ನ ಮೇಲೆ ಮಟ್ಟಸವಾಗಿ ಮಲಗಿ, ಕಟ್ಟುವುದಕ್ಕಾಗಿ ಕಾಯುತ್ತ ಸುಮ್ಮನಾದಳು. ಅತ್ತೆ ಬೆಚ್ಚಿದರು, ರಂಗೋಲಿ ಪುಡಿಯ ಗೆರೆ ಸೊಟ್ಟಗಾಯಿತು. ನೆಟ್ಟಗಾಗುತ್ತಾರೆ, ಮಗು ಜಾರುತ್ತದೆ ಎಂದು ನಾನು ಮೆಟ್ಟಿಲಿಳಿದೆ.

ಅತ್ತೆ ನೆಟ್ಟಗಾಗಲಿಲ್ಲ. ಒಂದು ಕೈಯಲ್ಲಿ ಪುಡಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಹಿಂದಕ್ಕೆ ಕೊಟ್ಟು ಮಗುವಿನ ಬೆನ್ನು ಸವರಿ, ತಲೆ ಎತ್ತದೆಯೇ ಹೇಳಿದರು:

“ಒಳಗೆ ನನ್ ಹಳೇ ನೂಲಿನ ಸೀರೆ ಐತೆ, ತಗೊಂಬಾ. ಏನ್ ನೋಡ್ತಾ ನಿಂತ್ಕೊಂಡೆ? ಕಟ್ಟು ಬಾರೇ ಮಾಸಿರಿ.”